ಔರಾದಿನಲ್ಲೇ ಉಳಿದ ಮಣ್ಣು

ಮಳೆ ಎರಡು ವರ್ಷ ಕೈಕೊಟ್ಟ ಕಾಲ. ಬೀದರ್ ಸ್ಟೇಷನ್ನಿನಲ್ಲಿ ಹಾಸಿಗೆ ಸುತ್ತಿಕೊಂಡು, ಪಾತ್ರೆ ಕಟ್ಟಿಕೊಂಡು ಪುಣೆ, ಮುಂಬೈ ಕಡೆ ಹೊರಟವರನ್ನು ದಾಟಿಕೊಂಡೇ ನಾನು ಕೆಲಸಕ್ಕೆ ಹೋಗಬೇಕಿತ್ತು. ಬೀದರಿನ ಚಿದ್ರಿಯಲ್ಲಿ ಬಾಡಿಗೆ ಕೋಣೆ, ಊರೊಳಗೆ ಒಂದು ಸಣ್ಣ ಕಚೇರಿ. ಕಾರ್ಖಾನೆಗಳು ಹೊರಗೆ ಬಿಡುವ ಹೊಲಸನ್ನು ಕಡಿಮೆ ಮಾಡುವುದು ಹೇಗೆಂದು ಹೇಳಿಕೊಡುವುದು ನನ್ನ ಕೆಲಸ. ಯಾರಾದರೂ ಕೇಳಿದರೆ ನಮ್ಮವ್ವ, "ನನ್ನ ಮಗಳು ಗಟಾರ ಇಂಜಿನಿಯರ್ ಅದಾಳ್ರಿ" ಎನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಭಾಲ್ಕಿಯ ಒಂದು ತೊಗರಿಬೇಳೆ ಗಿರಣಿಗೆ ಆಗ ಸರಕಾರದ ನೋಟಿಸ್ ಬಂದಿತ್ತು. ತೊಗರಿ ತೊಳೆದ ಕೆಸರು ನೀರು ಗಟಾರ ತುಂಬಿ, ಪಕ್ಕದ ಓಣಿಯ ಬಾವಿಗೆ ಇಳಿಯುತ್ತಿತ್ತು. ಓಣಿಯಲ್ಲಿ ನೀರು ಉಳಿದಿದ್ದುದು ಅದೊಂದೇ ಬಾವಿಯಲ್ಲಿ. ಒಂದು ತಿಂಗಳಲ್ಲಿ ಸರಿಪಡಿಸಬೇಕು, ಇಲ್ಲವೇ ಗಿರಣಿ ಬಂದ್. ಗಿರಣಿಯ ಸಾವಕಾರರು ನಮ್ಮ ಕಚೇರಿಗೆ ಓಡಿ ಬಂದರು.

ಆ ಗಿರಣಿಯಲ್ಲಿ ಬೇಳೆ ಆರಿಸುವ ಹೆಂಗಸರಲ್ಲಿ ನನ್ನ ವೈನಿ, ಎಂದರೆ ಅಣ್ಣನ ಹೆಂಡತಿಯೂ ಒಬ್ಬಳು. ಅಣ್ಣ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ಆರು ತಿಂಗಳಾಗಿತ್ತು. ಹೆಂಡತಿ, ಮಗಳಿಗೂ ಅಲ್ಲಿಗೇ ಬನ್ನಿ ಎನ್ನುತ್ತಿದ್ದ. ಮಗಳು ಹತ್ತನೇ ಇಯತ್ತೆ. ನಮ್ಮ ಮನೆತನದಲ್ಲಿ ನನ್ನ ಬಿಟ್ಟರೆ ಓದಿನಲ್ಲಿ ಅಷ್ಟು ದೂರ ಬಂದ ಹೆಣ್ಣುಮಗಳು ಅವಳೇ.

"ಗಿರಣಿ ಮುಚ್ಚಿದ್ರ ನಾನೂ ಮನಿಗಿ ಕೀಲಿ ಹಾಕ್ತೇನಿ, ತಂಗಿ," ಅಂದಳು ವೈನಿ. "ಅಲ್ಲಿ ಹೋದ್ರ ಇಕಿ ಸಾಲಿ ಖತಂ. ಇಟ್ಟಂಗಿ ಹೊರ್ತಾಳ ಅಷ್ಟ."

ನಾನು ಓದಿದ್ದನ್ನೆಲ್ಲ ಅಲ್ಲಿ ಸುರಿದೆ. ಗಿರಣಿಯ ಹಿಂದೆ ಕೆಸರು ತಂಗಲು ದೊಡ್ಡ ಗುಂಡಿ ತೋಡಿಸಿದೆ. ತಿಳಿನೀರು ಮಾತ್ರ ಮುಂದೆ ಹೋಗಬೇಕೆಂದು ನನ್ನ ಲೆಕ್ಕ. ಎಂಟು ದಿನಕ್ಕೆ ಗುಂಡಿ ಹೂಳು ತುಂಬಿ, ಕೆಸರು ಮತ್ತೆ ಗಟಾರಕ್ಕೆ ಹರಿಯಿತು. ಓಣಿಯ ಹೆಂಗಸರು ಖಾಲಿ ಕೊಡ ತಂದು ನನ್ನ ಮುಂದೆ ಇಟ್ಟರು. ಊರೆಲ್ಲ ಸೂರೆ ಹೋದಮೇಲೆ ಕೋಟೆ ಬಾಗಿಲು ಹಾಕಿದ್ದೆ ನಾನು. ಆ ದಿನದ ನಾಚಿಕೆ ಈಗಲೂ ಮರೆತಿಲ್ಲ.

ವೈನಿ ಗುಂಡಿಯ ದಂಡೆಯಲ್ಲಿ ಕೂತು ಒಂದು ಮುಷ್ಟಿ ಹೂಳು ಹಿಡಿದಳು.

"ಇಷ್ಟು ಮಣ್ಣ ನಮ್ಮ ಗಿರಣಿದಲ್ಲ. ತೊಗರಿ ಜೋಡಿ ಲಾರಿ ಹತ್ತಿ ಬರ್ತದ. ಅಲ್ಲೇ ಯಾಕ ಇಳಸಬಾರ್ದು?"

ತೊಗರಿ ಬರುತ್ತಿದ್ದುದು ಔರಾದಿನ ಹೊಲಗಳಿಂದ. ಬರಗಾಲಕ್ಕೆ ಗಿಡ ಮೊಣಕಾಲುದ್ದ ಮಾತ್ರ ಬೆಳೆದಿದ್ದವು. ಕುಡುಗೋಲಿಗೆ ಸಿಗದ ಗಿಡವನ್ನು ಬೇರುಸಹಿತ ಕಿತ್ತು ಬಡಿದರೆ ಹೊಲವೂ ಅರ್ಧ ಜೊತೆಗೆ ಬಂದುಬಿಡುತ್ತಿತ್ತು. ಆ ಮಣ್ಣನ್ನು ಭಾಲ್ಕಿಗೆ ಹೊತ್ತು ತಂದು, ಟ್ಯಾಂಕರ್ ನೀರಲ್ಲಿ ತೊಳೆದು, ಮಂದಿಯ ಬಾವಿಗೆ ಬಿಡುತ್ತಿದ್ದೆವು.

ಗಿರಣಿಯ ರಜೆ ದಿನ ವೈನಿ, ನಾನು, ಬಸ್ಸಿನ ಟಾಪಿನ ಮೇಲೆ ಗಿರಣಿಯ ಹಳೇ ಜರಡಿ, ಹೀಗೆ ಮೂವರೂ ಔರಾದಿಗೆ ಹೋದೆವು. ಗಿರಣಿಗೆ ತೊಗರಿ ಕೊಂಡು ಕಳಿಸುವ ವ್ಯಾಪಾರಿಯ ಅಂಗಡಿ ಮುಂದೆ ರೈತರು ಚೀಲ ಇಳಿಸುತ್ತಿದ್ದರು. ಅಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿ: ಮಣ್ಣಿನ ಬಾಬ್ತು ಎಂದು ಪ್ರತಿ ಚೀಲಕ್ಕೆ ಎರಡು ಕಿಲೋ ತೂಕ ಮುರಿಯುವುದು. ಅದಕ್ಕೆ ಸೂಟು ಎನ್ನುತ್ತಾರೆ. ಮಾಲು ಹಸನಿರಲಿ, ಹೊಲಸಿರಲಿ, ಎರಡೇ ಕಿಲೋ.

"ಹಸನು ಮಾಡ್ಕೊಂಡು ತಂದ್ರ ಏನ್ರಿ ತೊಂದ್ರಿ?" ಎಂದು ಒಬ್ಬ ಮುದುಕಿಯನ್ನು ಕೇಳಿದೆ.

"ಹಸನು ಮಾಡಿದ್ರೂ ಎರಡು ಕಿಲೋ, ಮಾಡದಿದ್ರೂ ಎರಡು ಕಿಲೋ. ನನಗೇನು ಹುಚ್ಚ ಹಿಡದದೇನವ್ವ?"

ನಾನು ತಿರುಗಿ ವ್ಯಾಪಾರಿಯ ಮೇಲೆ ಹರಿಹಾಯ್ದೆ. ಭಾಲ್ಕಿಯ ಬಾವಿ ಕೆಟ್ಟದ್ದು ನಿಮ್ಮಿಂದ ಎಂದೆ. ಅವರು ಎಲೆಯಡಿಕೆ ಒಂದು ಕಡೆ ಸರಿಸಿ, "ಮೇಡಂರಿ, ನೋಟಿಸ್ ಗಿರಣಿಗಿ ಬಂದದ, ನನಗಲ್ರಿ" ಎಂದರು. ರೈತರೆಲ್ಲ ನಕ್ಕರು.

"ನೀ ಜರಾ ಸುಮ್ಮ ಕೂಡ," ಎಂದು ವೈನಿ ನನ್ನನ್ನು ಪಕ್ಕಕ್ಕೆ ಸರಿಸಿದಳು. ಸೆರಗು ಸಿಕ್ಕಿಸಿ, ಮುದುಕಿಯ ಒಂದು ಚೀಲವನ್ನು ಜರಡಿಗೆ ಸುರಿದಳು. ಬಿದ್ದ ಮಣ್ಣನ್ನು ತಕ್ಕಡಿಗೆ ಹಾಕಿಸಿದಳು. ನಾಲ್ಕು ಕಿಲೋ! ಆಮೇಲೆ ಪಕ್ಕದ ರೈತನ ಚೀಲ; ಅವನು ಮನೆಯಲ್ಲೇ ಮೊರದಲ್ಲಿ ಕೇರಿ ತಂದಿದ್ದ. ಅರ್ಧ ಕಿಲೋ ಕೂಡ ಬೀಳಲಿಲ್ಲ.

"ಸಾವಕಾರ್ರೆ, ನಂದು ಒಂದೂವರಿ ಕಿಲೋ ತೊಗರಿ ಎಲ್ಲಿ ಹೋತ್ರಿ?" ಎಂದ ಆ ರೈತ.

ವ್ಯಾಪಾರಿ ತಕ್ಕಡಿಯ ಕಡೆ ತಿರುಗಿದರು. ಅವರ ಕಣ್ಣು ಮುದುಕಿಯ ಮಣ್ಣಿನ ಗುಡ್ಡೆಯ ಮೇಲಿತ್ತು. ಇಷ್ಟು ದಿನ ತೊಗರಿಯೆಂದು ಮಣ್ಣು ಕೊಂಡದ್ದು ಅವರಿಗೂ ಹೊಳೆದಿತ್ತು.

"ಜರಡಿ ಇಲ್ಲೇ ಬಿಟ್ಟು ಹೋಗ್ರಿ," ಎಂದರು ಕೊನೆಗೆ.

"ಬಿಡ್ತೇವ್ರಿ. ಆದ್ರ ನೀವು ಸೂಟು ಬಿಡ್ರಿ. ಬಿದ್ದಷ್ಟೇ ಮಣ್ಣ ಮುರೀರಿ," ಎಂದಳು ವೈನಿ.

ವಾದ ಮಧ್ಯಾಹ್ನದವರೆಗೂ ನಡೆದು, ಕೊನೆಗೆ ವ್ಯಾಪಾರಿ ಒಪ್ಪಿದರು. ಮುದುಕಿ ಗೊಣಗಿದಳು, ಎರಡರ ಬದಲು ನಾಲ್ಕು ಕಿಲೋ ಮುರಿದರೆ ನಷ್ಟ ಅವಳಿಗೇ. ಆದರೂ ಮರುವಾರ ಅವಳು ಮನೆಯಲ್ಲೇ ಕೇರಿ ತಂದಳಂತೆ. ಜರಡಿಯ ಕೆಳಗೆ ಬಿದ್ದ ಮಣ್ಣನ್ನು ರೈತರು ಖಾಲಿ ಚೀಲದಲ್ಲಿ ತುಂಬಿ ಹೊಲಕ್ಕೆ ಒಯ್ದರು.

ತಿಂಗಳು ತುಂಬುವ ಹೊತ್ತಿಗೆ ಗಿರಣಿಯಲ್ಲಿ ತೊಳೆಯುವ ಕೆಲಸವೇ ನಿಂತಿತ್ತು. ತೊಗರಿ ನೆನೆಸಲು ಬೇಕಾದಷ್ಟೇ ನೀರು. ಉಳಿದದ್ದು ಅಂಗಳದ ಬೇವಿನ ಗಿಡಗಳಿಗೆ. ಗಟಾರ ಒಣಗಿತ್ತು. ಪರಿಶೀಲನೆಗೆ ಬಂದ ಅಧಿಕಾರಿ ಬಾವಿಯ ನೀರನ್ನು ಬಾಟಲಿಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿ, ಇದು ಯಾರ ಯೋಜನೆ ಎಂದು ಕೇಳಿದರು. ಗಿರಣಿಯ ಸಾವಕಾರರು ನನ್ನ ಕಡೆ ಕೈ ಮಾಡಿದರು. ಹೂಂ ಎಂದು ಸುಮ್ಮನಿರುವ ಆಸೆ ಒಂದು ಕ್ಷಣ ನನಗೂ ಬಂತು, ಸುಳ್ಳೇಕೆ ಹೇಳಲಿ. ಆಮೇಲೆ ವೈನಿಯ ಕೈ ಹಿಡಿದು ಮುಂದೆ ತಂದೆ. "ಇವ್ರದ್ರಿ ಸರ್, ನಮ್ಮ ವೈನೀದು," ಎಂದೆ. ಡಿಪ್ಲೊಮಾ ಸಿಕ್ಕ ದಿನವೂ ನನಗೆ ಅಷ್ಟು ಹೆಮ್ಮೆ ಆಗಿರಲಿಲ್ಲ.

ನೋಟಿಸ್ ವಾಪಸಾದ ಸಂಜೆ ಪುಣೆಯಿಂದ ಅಣ್ಣನ ಫೋನು. ಕೋಣೆ ನೋಡಿದ್ದೇನೆ, ಯಾವಾಗ ಬರುತ್ತೀರಿ ಎಂದು ಕೇಳಿದ.

"ನಾವು ಬರಂಗಿಲ್ರಿ," ಎಂದಳು ವೈನಿ. "ನಿಮ್ಮ ಮಗಳು ಪರೀಕ್ಷಾ ಬರೀತಾಳ. ಔರಾದದಾಗ ಜರಡಿ ಹಿಡೀಲಾಕ ಮಂದಿ ಬೇಕಾಗ್ಯಾರಂತ. ನೀವೇ ಬರ್ರಿ."

"ನನಗ ಆ ಕೆಲಸ ಎಲ್ಲಿ ಬರ್ತದ?" ಎಂದ ಅಣ್ಣ.

"ನಾ ಕಲಸ್ತೇನಿ," ಎಂದಳು ವೈನಿ.