ಅಕ್ಕಿಕಾಳಿನ ಹೊತ್ತಿನಲ್ಲಿ ಸೀಸಿಯಂ ಪಾಠ

ನನ್ನ ಸೋದರಮಾವನಿಗೆ ಬೈಲಹೊಂಗಲದಲ್ಲಿ ವಾಚು ರಿಪೇರಿ ಅಂಗಡಿ ಇದೆ. ಮೊಬೈಲು ಬಂದ ಮೇಲೆ ಗಿರಾಕಿ ಕಡಿಮೆಯಾದರೂ ಅವನ ಗತ್ತು ಕಡಿಮೆಯಾಗಿಲ್ಲ. ಊರಿನ ಸಮಯವೆಲ್ಲ ತನ್ನ ಮಣಿಕಟ್ಟಿನಿಂದಲೇ ಹೊರಡುತ್ತದೆ ಎಂದು ನಂಬಿದವನು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವಳು. ನಮ್ಮಿಬ್ಬರ ಜಗಳಕ್ಕೆ ಬೇರೆ ಕಾರಣ ಬೇಕಿರಲಿಲ್ಲ.

ಹೋದ ವರ್ಷ ಅವನ ಮಗಳ ಮದುವೆ ಸಿರಸಂಗಿಯಲ್ಲಿ ಆಯಿತು. ಮುಹೂರ್ತ ಹನ್ನೆರಡು ಮೂವತ್ತೆರಡಕ್ಕೆ. ಎಲ್ಲರೂ ಮುಷ್ಟಿಯಲ್ಲಿ ಅಕ್ಷತೆ ಹಿಡಿದು ನಿಂತಿದ್ದರು. ಮಾವ ವಾಚು ನೋಡಿ, "ಹೊತ್ತಾತು, ಅಕ್ಕಿಕಾಳ ಹಾಕ್ರಿ!" ಎಂದು ಕೂಗಿದ.

ನಾನು ಸುಮ್ಮನಿರಬಹುದಿತ್ತು. "ಇನ್ನೂ ಎರಡು ನಿಮಿಷ ಐತಿ ಮಾಮಾ," ಎಂದು ಮೊಬೈಲು ತೋರಿಸಿದೆ.

ಎತ್ತಿದ ಕೈಗಳೆಲ್ಲ ಹಾಗೇ ನಿಂತವು. ಅಯ್ಯನವರು ಮಂತ್ರ ನಿಲ್ಲಿಸಿದರು.

"ನಿನ್ನ ಮೊಬೈಲಿಗೆ ಟೈಮ್ ಹೇಳಾವ್ರು ಯಾರು?" ಮಾವ ಕೇಳಿದ.

"ಟವರಿನವರು. ಅವರಿಗೆ ಪರಮಾಣು ಗಡಿಯಾರ ಹೇಳತೈತಿ."

"ಬಾಂಬಿಂದೇನವಾ?" ವರನ ಅಜ್ಜ ಗಾಬರಿಯಾದರು.

ಅಲ್ಲಿಂದ ನನ್ನ ಪಾಠ ಶುರುವಾಯಿತು. ಮಾವನ ವಾಚಿನಲ್ಲಿ ಒಂದು ಕ್ವಾರ್ಟ್ಜ್ ಹರಳು ಕಂಪಿಸುತ್ತದೆ. ಬಿಸಿಲಿಗೆ, ವಯಸ್ಸಿಗೆ ಅದರ ತಾಳ ತಪ್ಪುತ್ತದೆ. ಪರಮಾಣು ಗಡಿಯಾರದಲ್ಲೂ ಹರಳಿದೆ, ಆದರೆ ಅದನ್ನು ಕಾಯಲು ಸೀಸಿಯಂ ಪರಮಾಣುಗಳಿವೆ. ಹರಳಿನ ತಾಳದಿಂದ ಹುಟ್ಟಿಸಿದ ಮೈಕ್ರೋವೇವ್ ತರಂಗವನ್ನು ಅವುಗಳ ಮೇಲೆ ಬಿಡುತ್ತಾರೆ. ತರಂಗ ಸೆಕೆಂಡಿಗೆ ಒಂಬೈನೂರ ಹತ್ತೊಂಬತ್ತು ಕೋಟಿ ಚಿಲ್ಲರೆ ಸಲ ಸರಿಯಾಗಿ ಮಿಡಿದಾಗ ಹೆಚ್ಚು ಪರಮಾಣುಗಳು ಸ್ಥಿತಿ ಬದಲಿಸುತ್ತವೆ. ಮಿಡಿತ ಚೂರು ತಪ್ಪಿದರೂ ಬದಲಾಗುವವು ಕಡಿಮೆ. ಆ ಲೆಕ್ಕ ಹಿಡಿದು ಯಂತ್ರ ಹರಳನ್ನು ತಿದ್ದುತ್ತಲೇ ಇರುತ್ತದೆ.

"ಆ ಪರಮಾಣು ಸವೆಯೂದಿಲ್ಲೇನು?" ಮಾವನ ದನಿ ಈಗ ರಿಪೇರಿಯವನದು.

"ಇಲ್ಲ ಮಾಮಾ. ಕಿತ್ತೂರಾಗಿಂದಿರಲಿ, ರಾಮದುರ್ಗದಾಗಿಂದಿರಲಿ, ಎಲ್ಲಾದರ ತಾಳಾ ಒಂದ."

"ನಿಮ್ಮ ಪರಮಾಣು ಹಾಳಾಗ್ಲಿ!" ಅತ್ತೆ ಚೀರಿದಳು. "ಹನ್ನೆರಡೂ ನಲ್ವತ್ತಾತು!" ಎನ್ನುತ್ತಲೇ ಮುಷ್ಟಿ ಅಕ್ಕಿಯನ್ನು ಮಗಳ ತಲೆಯ ಮೇಲೆ ಎಸೆದಳು. ಹಿಂದೆಯೇ ಇಡೀ ಮಂಟಪ ಎಸೆಯಿತು. ಮದುಮಗಳು ನಕ್ಕು ನಕ್ಕು ಬಾಸಿಂಗ ಜಾರಿಸಿಕೊಂಡಳು. ನನಗೆ ಮಾತ್ರ ನೆಲದೊಳಗೆ ಇಳಿದುಹೋಗುವಷ್ಟು ನಾಚಿಕೆ.

ಊಟಕ್ಕೆ ಮಾವ ನನ್ನ ಪಕ್ಕದಲ್ಲೇ ಬಂದು ಕುಳಿತ. ಬೈಯುತ್ತಾನೆಂದು ತಲೆತಗ್ಗಿಸಿ ಉಣ್ಣುತ್ತಿದ್ದೆ.

"ಆ ಗಡಿಯಾರ ಕೆಟ್ರ ಗೊತ್ತಾಗೂದು ಹೆಂಗ?"

"ಒಂದನ್ನ ನಂಬಿ ಕೂಡಂಗಿಲ್ಲ ಮಾಮಾ. ಬ್ಯಾರೆ ಬ್ಯಾರೆ ದೇಶದಾಗ ನೂರಾರು ಅದಾವು. ಎಲ್ಲಾ ಹೋಲಿಸಿ, ಸರಾಸರಿ ತಗೀತಾರ."

ಅವನ ಮುಖ ಅರಳಿತು. "ಅಂದ್ರ ಅವರೂ ನಮ್ಮಂಗ ಜಗಳಾಡತಾರ ಅನ್ನು!" ಕೈ ಒರೆಸಿಕೊಂಡು ವಾಚು ಬಿಚ್ಚಿ ಮುಳ್ಳು ತಿರುಗಿಸತೊಡಗಿದ. "ಹೇಳು, ಈಗೆಷ್ಟು? ಸೆಕೆಂಡ್ ಸೈತ ಹೇಳ್ಬೇಕು."

ನಾನು ಮೊಬೈಲು ನೋಡುತ್ತ ಐವತ್ತೊಂದು, ಐವತ್ತೆರಡು ಎಂದು ಎಣಿಸತೊಡಗಿದೆ. ಅಷ್ಟರಲ್ಲಿ ಬಡಿಸುವವರು ಬಂದು ನನ್ನ ಎಲೆಗೆ ಮೂರನೆಯ ಸಲ ಗೋಧಿ ಹುಗ್ಗಿ ಸುರಿದು ಹೋದರು. ಬೇಡವೆನ್ನಲು ಬಾಯಿಗೆ ಬಿಡುವಿರಲಿಲ್ಲ.