ಹಳದಿ ಮರಳಿದ್ದನ್ನು ಕಂಡವರು

ನನ್ನ ಪಿಎಚ್.ಡಿ. ಪ್ರಬಂಧದಲ್ಲಿ ಒಂದು ವಾಕ್ಯವಿತ್ತು: ‘ಆಮ್ಲ ಬೆರೆಸಿಟ್ಟ ದ್ರಾವಣದಲ್ಲಿ ಹಳದಿ ನಿಧಾನವಾಗಿ ಮರಳಿತು.’ ಅದನ್ನು ತೆಗೆಯದಿದ್ದರೆ ಸಹಿ ಇಲ್ಲ ಎಂದರು ನನ್ನ ಗೈಡ್.

ಕೆಲಸ ಹೇಳಲು ಸುಲಭ. ಸಾರಜನಕವಿರುವ ಉಂಗುರದ ಒಂದು ಧನ ಅಯಾನು ನೀರಿನಲ್ಲಿ ಹಳದಿಯಾಗಿರುತ್ತದೆ. ನೀರಿಗೆ ಕ್ಷಾರ ಸೇರಿಸಿ ಅಸಿಟೋನ್ ಹಾಕಿದರೆ, ಅಸಿಟೋನಿನ ಅಲ್ಪ ಪಾಲು ಪ್ರೋಟಾನ್ ಬಿಟ್ಟು ಎನೊಲೇಟ್ ಆಗುತ್ತದೆ. ಅದು ಉಂಗುರಕ್ಕೆ ಅಂಟಿಕೊಂಡಂತೆ ಹಳದಿ ಮಾಸುತ್ತದೆ. ಎಷ್ಟು ಬೇಗ ಎಂಬುದನ್ನು ನಾನು ಸಿಂದಗಿಯ ಕಾಲೇಜಿನ ಲ್ಯಾಬಿನಲ್ಲಿ, ಪಾಠ ಮುಗಿಸಿದ ಮೇಲೆ ಅಳೆಯುತ್ತಿದ್ದೆ. ಆಮೇಲೆ ಆಮ್ಲ ಬೆರೆಸಿಟ್ಟರೆ ಅಂಟಿದ್ದು ಮತ್ತೆ ಬಿಟ್ಟು ಹಳದಿ ಮರಳುತ್ತದೆಯೆ ಎಂಬುದೇ ಜಗಳ. ಬಿಡುವುದಾದರೆ ಅಲ್ಲಿ ಸಮತೋಲನವಿದೆ, ಅದನ್ನೂ ಅಳೆಯಬೇಕು. ಬಿಡುವುದಿಲ್ಲವೆಂದು ಗೈಡ್ ತಮ್ಮ ಲೇಖನವೊಂದರಲ್ಲಿ ಹಿಂದೆಯೇ ಬರೆದುಬಿಟ್ಟಿದ್ದರು.

“ನೋಟ್‌ಬುಕ್ಕಿನ್ಯಾಗ ಎಲ್ಲೈತಿ?” ಎಂದು ಕೇಳಿದರು.

ಇರಲಿಲ್ಲ. “ಕಣ್ಣಾರೆ ನೋಡೇನ್ರಿ ಸರ. ಕಡ್ಲಿಬ್ಯಾಳಿ ಕುದಿಸಿದ ನೀರಿನಂಗ ಆಗಿತ್ತು,” ಎಂದೆ.

ವಿಶ್ವವಿದ್ಯಾಲಯದಿಂದ ಸಿಂದಗಿಗೆ ವಾಪಸ್ ಬಂದು, ನಮ್ಮ ಲ್ಯಾಬಿನ ಹಿರಿಯ ಅಟೆಂಡರ್ ಚಾಚಾ ಮುಂದೆ ಸಿಟ್ಟಿನಿಂದ ಎಲ್ಲ ಹೇಳಿದೆ. ಅವರು ಪಿಪೆಟ್ ತೊಳೆಯುವುದನ್ನು ನಿಲ್ಲಿಸಲಿಲ್ಲ.

“ನೀವೆಲ್ಲಿ ನೋಡೀರಿ ಸರ? ಅವತ್ತ ಅಗರಖೇಡಕ್ಕ ಮದಿವಿಗಿ ಹೋಗಿದ್ರಿ. ನೋಡಿದಾಂವ ನಾನು. ಫೋನ್ ಮಾಡಿ ಹೇಳಿದೆ. ಕಡ್ಲಿಬ್ಯಾಳಿ ಮಾತೂ ನಂದ. ನೀವು ಬರೂದ್ರಾಗ ಪ್ರ್ಯಾಕ್ಟಿಕಲ್ ಪರೀಕ್ಷಾ ಅಂತ ಫ್ಲಾಸ್ಕ್ ತೊಳದಿಟ್ಟೆ.”

“ನನಗ ಛಲೋ ನೆನಪೈತಿ, ಚಾಚಾ.”

“ಇರ್ಲಿ ಬಿಡ್ರಿ. ಮದಿವ್ಯಾಗ ಎಷ್ಟ ಹೋಳಿಗಿ ಉಂಡ್ರಿ, ಅದೂ ನೆನಪೈತೇನು?”

ಮೊಬೈಲಿನಲ್ಲಿ ಆ ದಿನದ ಮದುವೆಯ ಫೋಟೊ ಹುಡುಕಿದೆ. ಪಂಕ್ತಿಯಲ್ಲಿ ನಾನೇ ಕುಳಿತಿದ್ದೆ. ಎಲ್ಲರ ಮಾತನ್ನೂ ಅನುಮಾನಿಸುವ ನಾನು, ಕಿವಿಯಿಂದ ಕೇಳಿದ್ದನ್ನು ಕಣ್ಣಿನದೆಂದು ಸಾಧಿಸಿದ್ದೆ.

ಪ್ರಯೋಗವನ್ನು ಮತ್ತೆ ಹೂಡಿದೆವು. ಆಮ್ಲ ಬಿದ್ದ ಕೂಡಲೇ ಬಂದ ಚೂರು ಹಳದಿಯನ್ನು ಬಿಟ್ಟುಬಿಟ್ಟೆ. ಅದು ಎನೊಲೇಟ್ ಬದಲು ಕ್ಷಾರದ ಹೈಡ್ರಾಕ್ಸೈಡ್ ಅಂಟಿದ್ದ ಪಾಲು, ಆಮ್ಲ ತಾಗಿದೊಡನೆ ಬಿಡುತ್ತದೆ. ಉಳಿದದ್ದಕ್ಕಾಗಿ ಕಾದೆವು. ದಿನಕ್ಕೆರಡು ಸಲ, ಬಣ್ಣದ ಗಾಢತೆ ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ನೋಡಿ ಬರೆದೆ. ಪ್ರತಿ ಸಾಲಿನ ಎದುರು ಚಾಚಾ ಸಹಿ ಹಾಕಿದರು. ಅಂಕಿ ಏರುತ್ತ ಹೋಗಿ ಐದನೆಯ ದಿನ ನಿಂತಿತು. ಹಳದಿ ಮರಳಿತ್ತು, ಪೂರ್ತಿ ಅಲ್ಲ.

ಗೈಡ್ ಆ ಪುಟಗಳನ್ನು ಬಹಳ ಹೊತ್ತು ನೋಡಿದರು. “ಇದು ಇರ್ಲಿ. ಆದ್ರ ಈ ಸಾಲು ತಗಿ: ‘ಇದನ್ನು ಮೊದಲು ಕಂಡವರು ಪ್ರಯೋಗಾಲಯದ ಅಟೆಂಡರ್.’ ಪರೀಕ್ಷಕರು ನಗ್ತಾರ. ನೀನ ನೋಡಿದ್ದಿ ಅಂತ ಬರಿ.”

“ಹೋದ ಸಲ ಹಂಗ ಅಂದಾಗ ನೀವು ನಂಬಲಿಲ್ಲಲ್ರಿ ಸರ.”

“ನಿನಗ ಸಹಿ ಬೇಕೋ ಬ್ಯಾಡೋ?”

“ಸಹಿನೂ ಬೇಕು, ಸಾಲೂ ಬೇಕ್ರಿ.”

ಆ ದಿನ ಅವರು ಸಹಿ ಮಾಡಲಿಲ್ಲ. ಪ್ರಬಂಧ ಈಗಲೂ ನನ್ನ ಮೇಜಿನ ಮೇಲಿದೆ, ಸಾಲು ಅದರಲ್ಲಿದೆ. ಸೋಮವಾರ ಮತ್ತೆ ಹೋಗುತ್ತೇನೆ. ಚಾಚಾ ರಜೆ ಹಾಕಿ ಜೊತೆಗೆ ಬರುತ್ತಿದ್ದಾರೆ.