ವಾಲಿಕೊಂಡು ತೇಲುತ್ತಿದ್ದ ಆಮೆ

ಆಮೆ ನೀರಿನಲ್ಲಿ ಒಂದು ಪಕ್ಕಕ್ಕೆ ವಾಲಿಕೊಂಡು ತೇಲುತ್ತಿರುವುದನ್ನು ನಾನು ಮೊದಲು ಕಂಡದ್ದು ಒಂದು ಚಳಿಗಾಲದ ಮಧ್ಯಾಹ್ನ, ಊಟಕ್ಕೆಂದು ಲ್ಯಾಬಿನಿಂದ ಮನೆಗೆ ಬಂದಾಗ. ಬಚ್ಚಲುಮನೆಯ ಮೂಲೆಯ ನೀಲಿ ಟಬ್ಬಿನಲ್ಲಿ ಅದರ ವಾಸ. ಕಾಲು ತೊಳೆಯಲು ಹೋದವಳು ಬಗ್ಗಿ ನೋಡಿದೆ. ಚಿಪ್ಪಿನ ಎಡಭಾಗ ನೀರೊಳಗಿತ್ತು, ಬಲಭಾಗ ಮೇಲೆದ್ದಿತ್ತು. ಮುಳುಗಲು ಕಾಲು ಬಡಿಯುತ್ತಿತ್ತು, ಆಗುತ್ತಿರಲಿಲ್ಲ. ಎರಡೂ ಕಣ್ಣು ಊದಿ ಮುಚ್ಚಿಕೊಂಡಿದ್ದವು. ಮೂಗಿನ ಹತ್ತಿರ ಸಣ್ಣದೊಂದು ಗುಳ್ಳೆ ಬಂದು ಒಡೆಯಿತು, ಮತ್ತೊಂದು ಬಂತು. ಹಿಂದಿನ ದಿನ ಹಾಕಿದ್ದ ತಿನಿಸು ನೆನೆದು ಊದಿಕೊಂಡು ಹಾಗೆಯೇ ಇತ್ತು.

ಆಮೆಯನ್ನು ತಂದವರು ನನ್ನ ಗಂಡ. ಆಗ ಗಂಡ. ಮದುವೆಯಾದ ಹೊಸದರಲ್ಲಿ ದಾವಣಗೆರೆಯ ಮೀನಿನ ಅಂಗಡಿಯೊಂದರಿಂದ ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದುಕೊಂಡು ಬಂದಿದ್ದರು. ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಕಣ್ಣಿನ ಹಿಂದೆ ಕೆಂಪು ಗೆರೆ. ಬೆಳೆದು ಬೆಳೆದು ಊಟದ ತಟ್ಟೆಯ ಅಳತೆಗೆ ಬಂದಿತ್ತು. ಅದಕ್ಕೆ ನಾವು ಹೆಸರಿಡಲಿಲ್ಲ. ಮಕ್ಕಳಾದರೆ ಅವರೇ ಇಡಲಿ ಎಂದು ಅವರು ಹೇಳಿದ್ದರು. ಮಕ್ಕಳಾಗಲಿಲ್ಲ.

ಅವರು ಚಿತ್ರಕಲೆ ಮೇಷ್ಟ್ರು. ಜಗಳೂರಿಗೆ ವರ್ಗವಾಯಿತು. ನಾನು ಹೊನ್ನಾಳಿಯ ರಕ್ತ ಪರೀಕ್ಷೆಯ ಲ್ಯಾಬ್ ಬಿಟ್ಟು ಹೋಗಲಿಲ್ಲ, ಅವರೂ ಬಾ ಎಂದು ಒತ್ತಾಯ ಮಾಡಲಿಲ್ಲ. ಮೊದಲು ವಾರಕ್ಕೊಮ್ಮೆ ಬರುತ್ತಿದ್ದರು, ಆಮೇಲೆ ತಿಂಗಳಿಗೊಮ್ಮೆ. ಜಗಳವೇನೂ ಇರಲಿಲ್ಲ. ಜಗಳವಿದ್ದಿದ್ದರೆ ಜನಕ್ಕೆ ಹೇಳಲು ಒಂದು ಕಾರಣವಾದರೂ ಇರುತ್ತಿತ್ತು. ಇಬ್ಬರೂ ಒಪ್ಪಿ ಕೋರ್ಟಿನಲ್ಲಿ ರುಜು ಹಾಕಿದೆವು. ಸಾಮಾನು ಹಂಚಿಕೊಂಡ ದಿನ ಅವರು ಆಮೆಯ ಟಬ್ಬಿನ ಮುಂದೆ ಸ್ವಲ್ಪ ಹೊತ್ತು ನಿಂತು, "ಜಗಳೂರಾಗೆ ಕುಡಿಯೋ ನೀರಿಗೇ ತೊಂದ್ರೆ ಐತೆ. ಇದನ್ನ ಎಲ್ಲಿ ಇಡಾದು? ಸದ್ಯಕ್ಕೆ ಇಲ್ಲೇ ಇರ್ಲಿ" ಎಂದರು. ಹಾಗೆ ಉಳಿಯಿತು.

ಕೆಳಗಿನ ಮನೆಯಲ್ಲಿರುವ ಓನರ್ ಅಮ್ಮನಿಗೆ ಮೊದಲಿನಿಂದಲೂ ಅದು ಕಣ್ಣಿಗೆ ಆಗದು. ಆಮೆ ಇದ್ದುದರಿಂದಲೇ ನನ್ನ ಸಂಸಾರ ಹೀಗಾಯಿತು ಎನ್ನುವುದು ಅವರ ನಂಬಿಕೆ. ಚನ್ನಗಿರಿಯಲ್ಲಿರುವ ನನ್ನ ತಾಯಿಗೆ ಫೋನ್ ಮಾಡಿ ಆಮೆಗೆ ಹುಷಾರಿಲ್ಲ ಎಂದಾಗ ಅವಳೂ, "ಊರ ಪಕ್ಕದಾಗೆ ಹೊಳೆ ಐತಲ್ಲ, ತಗಂಡೋಗಿ ಬಿಟ್ಟು ಬಾರೆ. ನಿನಗ್ಯಾಕೆ ಬೇಕು ಈ ಉಸಾಬರಿ?" ಎಂದಳು. ಯಾಕೆ ಬೇಕು ಎಂದು ನನಗೂ ಗೊತ್ತಿರಲಿಲ್ಲ. ಆದರೆ ಅದು ಬಾಯಿ ತೆರೆದು ಉಸಿರೆಳೆದಾಗ ಸಿಳ್ಳಿನಂತಹ ಸದ್ದು ಬರುತ್ತಿತ್ತು. ಆ ಸದ್ದು ಕೇಳಿಕೊಂಡು ಅಡುಗೆ ಮಾಡಲು ನನ್ನಿಂದ ಆಗಲಿಲ್ಲ.

ಊರಿನ ದನದಾಸ್ಪತ್ರೆಯ ಡಾಕ್ಟರು ತರಬೇತಿಗೆ ಹೋಗಿದ್ದರು. ನ್ಯಾಮತಿಯಲ್ಲಿ ಒಬ್ಬ ಲೇಡಿ ಡಾಕ್ಟರು ಇದ್ದಾರೆಂದು ಅಲ್ಲಿನವರು ಹೇಳಿದರು. ಲ್ಯಾಬಿಗೆ ರಜೆ ಹೇಳಿ, ರಟ್ಟಿನ ಪೆಟ್ಟಿಗೆಗೆ ತೂತು ಕೊರೆದು, ಹಳೆ ಟವೆಲ್ ಹಾಸಿ ಆಮೆಯನ್ನು ಕೂರಿಸಿಕೊಂಡು ಬಸ್ಸು ಹತ್ತಿದೆ.

"ಏನ್ರೀ ಅದು, ಕೋಳಿನಾ?" ಕಂಡಕ್ಟರ್ ಕೇಳಿದ.

"ಆಮೆ."

ಅವನು ಬಗ್ಗಿ ತೂತಿನೊಳಗೆ ನೋಡಿದ. "ಸತ್ತೈತೇನ್ರೀ?"

"ಇಲ್ಲ. ಆಸ್ಪತ್ರೆಗೆ ಹೊಂಟೀನಿ."

ಅವನು ನನ್ನನ್ನೊಮ್ಮೆ ನೋಡಿ, ಒಂದೇ ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗು ಎಳೆದುಕೊಂಡು ಸ್ವಲ್ಪ ದೂರ ಸರಿದಳು.

ಆಸ್ಪತ್ರೆಯಲ್ಲಿ ನನ್ನ ಮುಂದೆ ಒಂದು ಎಮ್ಮೆ, ಎರಡು ಮೇಕೆ ಇದ್ದವು. ಡಾಕ್ಟರಮ್ಮ ನನಗಿಂತ ಚಿಕ್ಕ ವಯಸ್ಸಿನವರು. ಪೆಟ್ಟಿಗೆ ತೆರೆದು ನೋಡಿ ನಕ್ಕುಬಿಟ್ಟರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಸುಳ್ಳು ಹೇಳಾದಿಲ್ಲ ಕಣ್ರೀ, ನಾನು ಆಮೆ ನೋಡಿದೋಳೇ ಅಲ್ಲ. ಸ್ವಲ್ಪ ಕೂತ್ಕಳ್ರಿ" ಎಂದು, ಶಿವಮೊಗ್ಗದಲ್ಲಿರುವ ತಮ್ಮ ಸಹಪಾಠಿಗೆ ವಿಡಿಯೊ ಕಾಲ್ ಮಾಡಿದರು. ಆಮೆಯನ್ನು ತಿರುಗಿಸಿ, ಕುತ್ತಿಗೆ ಎತ್ತಿ, ಬಾಯಿ ಬಿಡಿಸಿ ಅವರಿಗೆ ತೋರಿಸಿದರು. ನಿಮೋನಿಯಾ ಎಂದು ತೀರ್ಮಾನವಾಯಿತು. ಒಂದು ಕಡೆಯ ಶ್ವಾಸಕೋಶದಲ್ಲಿ ಕಫ ತುಂಬಿದೆ, ಅದಕ್ಕೇ ವಾಲುವುದು. ಮೂರು ದಿನಕ್ಕೊಂದು ಇಂಜೆಕ್ಷನ್ ಮುಂಗಾಲಿಗೆ ಕೊಡಬೇಕು. ನೀರಿನಿಂದ ತೆಗೆದು ಬೆಚ್ಚಗೆ ಇಡಬೇಕು, ದಿನಕ್ಕೊಮ್ಮೆ ಮಾತ್ರ ಉಗುರುಬೆಚ್ಚಗಿನ ನೀರಿನಲ್ಲಿ ಬಿಡಬೇಕು.

"ಇಂಜೆಕ್ಷನ್‌ಗೆ ಪ್ರತಿಸಲ ಇಲ್ಲಿಗೆ ಬರಾಕೆ ಆಗ್ತದೇನ್ರೀ?"

"ನಾನೇ ಕೊಡ್ತೀನಿ ಮೇಡಂ. ಲ್ಯಾಬಿನಾಗೆ ಸೂಜಿ ಹಿಡಿಯೋದೇ ನನ್ನ ಕೆಲ್ಸ."

"ಬಿಸಿಲಿಗೆ ಬಿಡ್ತಿದ್ರೇನು ಇದನ್ನ?"

ನನಗೆ ಗೊತ್ತಿಲ್ಲ ಎಂದೆ. ಹೊಳೆಗೆ ಬಿಡಬಹುದೇ ಎಂದೂ ಕೇಳಿದೆ. ಬೇರೆ ದೇಶದ ಜಾತಿ, ಹೊಳೆಯಲ್ಲಿ ಬಿಟ್ಟರೆ ಅಲ್ಲಿನ ಆಮೆಗಳಿಗೆ ಕಷ್ಟ, ಬಿಡಲೇಬೇಡಿ ಎಂದರು.

ಅಂದು ಸಂಜೆ, ಬಹಳ ತಿಂಗಳ ಮೇಲೆ, ಜಗಳೂರಿಗೆ, ಅವರಿಗೆ ಫೋನ್ ಮಾಡಿದೆ. ಯಾರೆಂದು ತಿಳಿದು, "ಹೇಳ್ರಿ, ಚೆನ್ನಾಗಿದೀರಾ?" ಎಂದರು. ಜತೆಗಿದ್ದಷ್ಟು ವರ್ಷವೂ ನನ್ನನ್ನು ನೀನು ಎಂದವರು. ಆ ಬಹುವಚನ ಕಿವಿಗೆ ತಣ್ಣಗೆ ತಾಗಿತು. ನಾನು ವಿಷಯ ಹೇಳಿದೆ.

"ಅಯ್ಯೋ, ಬಿಸಿಲಿಗೆ ಬಿಡ್ತಿಲ್ವಾ? ದಿನಾ ಬೆಳಿಗ್ಗೆ ಮಾಳಿಗೆ ಮೇಲೆ ಬಿಡ್ತಿದ್ನಲ್ಲ ನಾನು. ಸ್ಕೂಲಿಗೆ ಹೊರಡೋ ತನಕ ಅಲ್ಲೇ ಇರ್ತಿತ್ತು. ನಾನೂ ಅಲ್ಲೇ ಕೂತು ಪೇಪರ್ ಓದ್ತಿದ್ದೆ."

ನನಗೆ ಅದು ಗೊತ್ತೇ ಇರಲಿಲ್ಲ. ಖಾಲಿ ಹೊಟ್ಟೆಯ ರಕ್ತ ಕೊಡುವವರು ಬೆಳಗಾಗುವ ಮೊದಲೇ ಲ್ಯಾಬಿನ ಬಾಗಿಲಲ್ಲಿ ನಿಂತಿರುತ್ತಾರೆ. ನಾನು ಮನೆ ಬಿಡುವಾಗ ಅವರು ಮಲಗಿರುತ್ತಿದ್ದರು. ಒಂದೇ ಮನೆಯಲ್ಲಿ ಅಷ್ಟು ವರ್ಷ ಇದ್ದೂ ಅವರ ಬೆಳಗು ಹೇಗಿತ್ತೆಂದು ನಾನು ಕಂಡಿರಲಿಲ್ಲ. ನನ್ನದನ್ನು ಅವರೂ ಕಂಡಿರಲಿಲ್ಲ. ಫೋನ್ ಇಟ್ಟ ಮೇಲೆ ನಾನು ಮಾಳಿಗೆ ಹತ್ತಿ ಹೋದೆ. ನೀರಿನ ಟ್ಯಾಂಕಿನ ಪಕ್ಕ ಇಟ್ಟಿಗೆ ಜೋಡಿಸಿ ಮಾಡಿದ ಸಣ್ಣ ಕಟ್ಟೆ ಇತ್ತು. ಅದನ್ನು ಯಾರೋ ಕೆಲಸದವರು ಬಿಟ್ಟು ಹೋದದ್ದೆಂದು ನಾನು ತಿಳಿದಿದ್ದೆ.

ಮೊದಲ ಇಂಜೆಕ್ಷನ್‌ಗೆ ಒದ್ದಾಡಿಬಿಟ್ಟೆ. ಮನುಷ್ಯರು ತೋಳು ಚಾಚಿ ಮುಖ ಆಚೆ ತಿರುಗಿಸುತ್ತಾರೆ, ಅಷ್ಟು ಸಾಕು. ಆಮೆ ಕಾಲನ್ನು ಒಳಗೆ ಎಳೆದುಕೊಂಡರೆ ಮುಗಿಯಿತು. ಅದು ತಾನಾಗಿ ಚಾಚುವವರೆಗೆ ಅಡುಗೆಮನೆಯ ನೆಲದ ಮೇಲೆ ಸೂಜಿ ಹಿಡಿದು ಕೂತಿರಬೇಕು. ಮೇಲೆ ಬಲ್ಬು ತೂಗುಹಾಕಿದ್ದ ಪೆಟ್ಟಿಗೆ ಬೆಚ್ಚಗಿದೆಯೇ ಎಂದು ಊಟಕ್ಕೆ ಬಂದಾಗಲೆಲ್ಲ ಕೈಯಿಟ್ಟು ನೋಡುತ್ತಿದ್ದೆ. ಕಣ್ಣಿಗೆ ಔಷಧದ ಹನಿ ಬಿಡುತ್ತಿದ್ದೆ. ಏನು ಇಟ್ಟರೂ ಅದು ಮೂಸಿ ನೋಡುತ್ತಿರಲಿಲ್ಲ.

ಒಂದು ಭಾನುವಾರ ಅವರೇ ಬಂದರು. ಜಗಳೂರಿನಿಂದ ದಾವಣಗೆರೆಗೆ, ಅಲ್ಲಿಂದ ಹೊನ್ನಾಳಿಗೆ. ಮೀನಿನ ಅಂಗಡಿಯಿಂದ ಬಿಸಿ ಕೊಡುವ ದೀಪವೊಂದನ್ನು ತಂದಿದ್ದರು. ತಾವೇ ಬಾಡಿಗೆ ಕೊಡುತ್ತಿದ್ದ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬರಲೋ ಬೇಡವೋ ಎಂದು ನಿಂತರು. ಓನರ್ ಅಮ್ಮ ಮೆಟ್ಟಿಲ ಕೆಳಗಿನಿಂದ ಕತ್ತು ಚಾಚಿ ನೋಡುತ್ತಿದ್ದರು.

ಅಂದು ಇಂಜೆಕ್ಷನ್ ದಿನ. ಅವರು ಆಮೆಯನ್ನು ಎರಡೂ ಕೈಯಲ್ಲಿ ಹಿಡಿದು, "ಏಯ್, ನೋಡಿಲ್ಲಿ" ಎಂದು ಚಿಪ್ಪಿನ ಹಿಂಭಾಗವನ್ನು ಬೆರಳಿನಿಂದ ಮೆಲ್ಲಗೆ ಕೆರೆದರು. ಅದು ಕುತ್ತಿಗೆ ಹೊರಗೆ ಹಾಕಿತು, ಕಾಲೂ ಬಂತು.

"ಹ್ಞಾಂ, ಈಗ ಹಾಕು, ಬೇಗ ಹಾಕು" ಎಂದರು. ಏಕವಚನಕ್ಕೆ ಮರಳಿದ್ದು ಅವರ ಗಮನಕ್ಕೆ ಬರಲಿಲ್ಲ. ನಾನು ಹಾಕಿದೆ.

ಅನ್ನ, ಸೊಪ್ಪಿನ ಸಾರು ಮಾಡಿದ್ದೆ. ಊಟ ಮಾಡುತ್ತಾ ಅವರು ತಟ್ಟೆ ನೋಡಿಕೊಂಡೇ ಹೇಳಿದರು: "ಜಗಳೂರಾಗೆ ಒಂದು ಕಡೆ ಮಾತಾಗೈತೆ. ಬೇಸಿಗೆ ರಜಾದಾಗೆ ಮದುವೆ. ಬೇರೆ ಯಾರಿಂದಾನೋ ಗೊತ್ತಾಗಾದು ಬ್ಯಾಡ ಅಂತ."

"ಒಳ್ಳೇದಾತು" ಎಂದೆ. ಸಾರು ಬಡಿಸಿದೆ. ಸ್ವಲ್ಪ ಹೊತ್ತಿನ ಮೇಲೆ, "ಹುಷಾರಾದ ಮೇಲೆ ಇದನ್ನ ತಗಂಡೋಗ್ತೀರೇನು?" ಎಂದು ಕೇಳಿದೆ.

"ಅವ್ರಿಗೆ ಇಂಥಾವು ಅಂದ್ರೆ ಹೆದ್ರಿಕೆಯಂತೆ" ಎಂದರು.

ಹೊರಡುವಾಗ, "ಬರ್ತೀನ್ರಿ" ಎಂದರು. ಮಾಳಿಗೆಯಿಂದ ನೋಡಿದೆ. ಬಸ್‌ಸ್ಟ್ಯಾಂಡಿನ ಕಡೆ ತಿರುಗುವ ತನಕ ಅವರ ಬೆನ್ನು ಕಾಣುತ್ತಿತ್ತು. ಒಳಗೆ ಬಂದು ಎರಡು ತಟ್ಟೆ ತೊಳೆದೆ. ಅಳು ಬರಬಹುದೆಂದುಕೊಂಡಿದ್ದೆ, ಬರಲಿಲ್ಲ. ಮನೆ ಮಾತ್ರ ಬೆಳಿಗ್ಗೆ ಇದ್ದುದಕ್ಕಿಂತ ದೊಡ್ಡದಾದ ಹಾಗಿತ್ತು.

ಆ ವಾರದಲ್ಲೇ ಒಂದು ದಿನ ಆಮೆಯ ಒಂದು ಕಣ್ಣು ತೆರೆಯಿತು, ಆಮೇಲೆ ಇನ್ನೊಂದು. ಬೇಯಿಸಿದ ಗಜ್ಜರಿಯ ಚೂರನ್ನು ಚಿಮುಟದಲ್ಲಿ ಹಿಡಿದು ಬಾಯಿಯ ಮುಂದೆ ಆಡಿಸಿದೆ. ನೋಡಿತು. ಬಹಳ ಹೊತ್ತು ನೋಡಿತು. ಆಮೇಲೆ ಕತ್ತು ಮುಂದೆ ಹಾಕಿ ಕಚ್ಚಿ ಎಳೆದುಕೊಂಡಿತು. "ತಿಂತು!" ಎಂದು ಗಟ್ಟಿಯಾಗಿ ಕೂಗಿದೆ. ಕೂಗಿದ ಮೇಲೆ, ಯಾರಿಗೆ ಹೇಳಿದೆ ಎಂದು ಸುತ್ತ ನೋಡಿದೆ.

ಮರುದಿನ ಲ್ಯಾಬಿನಲ್ಲಿ ಮುದುಕಿಯೊಬ್ಬಳ ತೋಳಿಗೆ ರಬ್ಬರ್ ಪಟ್ಟಿ ಕಟ್ಟುತ್ತಾ, ಯಾಕೋ ಬಾಯಿಗೆ ಬಂದುಬಿಟ್ಟಿತು: "ಅಜ್ಜಿ, ನಮ್ಮನೆ ಆಮೆ ನಿನ್ನೆ ಊಟ ಮಾಡ್ತು."

ಅವಳು ಬೆರಗಾಗಲಿಲ್ಲ. "ಯಾವಾಗಿಂದ ಬಿಟ್ಟಿತ್ತವ್ವ?" ಎಂದಳು. ನಾನು ಎಲ್ಲವನ್ನೂ ಹೇಳಿದೆ. ರಕ್ತ ತೆಗೆದದ್ದು ಅವಳಿಗೆ ಗೊತ್ತಾಗಲಿಲ್ಲವಂತೆ.

ಶಿವರಾತ್ರಿ ಕಳೆದು ಚಳಿ ಹೋದ ಮೇಲೆ ಟಬ್ಬಿಗೆ ಪೂರ್ತಿ ನೀರು ತುಂಬಿ ಬಿಟ್ಟೆ. ಆಮೆ ಸಮವಾಗಿ ತೇಲಿತು, ತಲೆ ಕೆಳಗೆ ಮಾಡಿ ತಳಕ್ಕೆ ಇಳಿಯಿತು. ಅದರ ವಿಡಿಯೊ ಮಾಡಿ ಡಾಕ್ಟರಮ್ಮನಿಗೆ ಕಳಿಸಿದೆ. ಅವರು ಅದನ್ನು ಶಿವಮೊಗ್ಗಕ್ಕೂ ಕಳಿಸಿದರಂತೆ. ಜಗಳೂರಿಗೆ ಕಳಿಸಲು ಹೆಸರು ಹುಡುಕಿ, ಬೇಡವೆನಿಸಿ ಫೋನ್ ಇಟ್ಟೆ. ಅಲ್ಲಿ ಮದುವೆಯ ಓಡಾಟ ಶುರುವಾಗಿರುತ್ತದೆ.

ಈಗ ಲ್ಯಾಬಿನಲ್ಲಿ ಕೇಳಿಕೊಂಡು ಬೆಳಗಿನ ಸರದಿ ಬದಲಾಯಿಸಿಕೊಂಡಿದ್ದೇನೆ. ಬೆಳಿಗ್ಗೆ ಆಮೆಯನ್ನು ಮಾಳಿಗೆಗೆ ಎತ್ತಿಕೊಂಡು ಹೋಗುತ್ತೇನೆ. ಓನರ್ ಅಮ್ಮ ಈಗಲೂ ಮುಖ ಸಿಂಡರಿಸುತ್ತಾರೆ, ಆದರೆ ಗಜ್ಜರಿ ಹೆಚ್ಚಿದಾಗ ಅದರ ಸೊಪ್ಪನ್ನು ಆಮೆಗೆಂದು ಮೆಟ್ಟಿಲ ಮೇಲೆ ಇಟ್ಟಿರುತ್ತಾರೆ. ಆಮೆ ಹಿಂಗಾಲು ಚಾಚಿ ಬಿಸಿಲಿಗೆ ಮಲಗುತ್ತದೆ. ನಾನು ಪಕ್ಕದಲ್ಲಿ ಚಾಪೆ ಹಾಸಿಕೊಂಡು ಚಹಾ ಕುಡಿಯುತ್ತೇನೆ. ಭಾನುವಾರ ಇಡೀ ಬೆಳಗು ಹಾಗೆ ಕೂತಿದ್ದರೂ ಫೋನ್ ಒಂದೂ ಬರುವುದಿಲ್ಲ. ಬಿಸಿಲು ಏರಿದ ಮೇಲೆ ಚಾಪೆ ಸುತ್ತಿಕೊಂಡು ಇಬ್ಬರೂ ಕೆಳಗಿಳಿಯುತ್ತೇವೆ.